ಹೊಟ್ಟೆ ತುಂಬುವುದೂ ಮೈ ಬೆಳೆಯುವುದೂ

ಊಟ ಬಲ್ಲವನಿಗೆ ರೋಗವಿಲ್ಲವೆಂಬ ಗಾದೆಯನ್ನು ಕೇಳದ ಕನ್ನಡಿಗನಿಲ್ಲ. ಆದರೆ ಊಟವನ್ನು ಬಲ್ಲವನಾಗುವುದೆಂದರೆ ಏನೆಂದು ಕೇಳಿದರೆ, ಹೊಟ್ಟೆ ತುಂಬ ಉಣ್ಣುವುದೆಂದೇ ನಮ್ಮಲ್ಲಿ ಬಹುಮಂದಿ ಉತ್ತರ ಕೊಡುವರು. ಹೊಟ್ಟೆ ತುಂಬುವುದು ಒಂದು ಮಾತು. ಮೈ ಬೆಳೆಯುವುದು ಮತ್ತೊಂದು ಮಾತು. ಇವೆರಡೂ ಒಂದೇ ಅಲ್ಲವೆಂಬುದನ್ನು ಮನುಷ್ಯನು ತನ್ನ ದೇಹದಿಂದ ತಿಳಿದುಕೊಳ್ಳುವುದಕ್ಕಿಂತ ಮೊದಲು ದನ, ಕೋಳಿ, ಪಾರಿವಾಳ, ಇಲಿ, ನಾಯಿಗಳಿಂದ ತಿಳಿದುಕೊಂಡನು. ಆ ಮೂಕಪ್ರಾಣಿಗಳು ಕಲಿಸಿದ ಪಾಠವನ್ನು ನಮ್ಮ ಶಾಲೆಯ ಪಾಲಕರ ಮುಂದೆ ಸಂಗ್ರಹವಾಗಿ ಇಡುವುದೇ ಈ ಲೇಖನದ ಉದ್ದೇಶ.

ಇದನ್ನು ಬರೆಯಲು ನಮಗೆ ಒಂದು ಕಾರಣವಿದೆ. ಬೆಳಗಿನ ಪ್ರಾರ್ಥನೆಯ ಹೊತ್ತಿನಲ್ಲಿ ತಲೆಸುತ್ತಿ ಕುಳಿತುಕೊಳ್ಳುವ ಮಕ್ಕಳನ್ನು ನಾವು ಪ್ರತಿವರ್ಷವೂ ಕಾಣುತ್ತೇವೆ. ಅವರಲ್ಲಿ ಎಲ್ಲರೂ ಬಡವರ ಮಕ್ಕಳಲ್ಲ. ಹೀಗೆ ಕುಳಿತ ಒಬ್ಬ ಹುಡುಗನನ್ನು ಹತ್ತಿರ ಕರೆದು, "ಬೆಳಗ್ಗೆ ಏನು ತಿಂದೆಯಪ್ಪಾ?" ಎಂದು ಕೇಳಿದೆವು. "ಚಹಾ ಕುಡಿದೆ ಸರ್," ಎಂದನು. "ಹಾಲು?" ಎಂದರೆ, "ಹಾಲು ಡೈರಿಗೆ ಹೋಯಿತು ಸರ್, ಕರಿ ಚಹಾ ಮಾಡಿದರು," ಎಂದನು. ಆ ಹುಡುಗನ ಮನೆಯಲ್ಲಿ ಎರಡು ಎಮ್ಮೆಗಳು ಕರೆಯುತ್ತಿದ್ದವು. ಆ ಉತ್ತರವು ಇಂದಿಗೂ ನಮ್ಮ ಮನಸ್ಸಿನಿಂದ ಮರೆಯಾಗಿಲ್ಲ.

ಪ್ರಾಣಿಗಳ ಮೇಲೇಕೆ ಪ್ರಯೋಗ?

ಮನುಷ್ಯನ ಮಗು ಪೂರ್ಣ ಬೆಳೆಯಲು ಹದಿನೆಂಟು ಇಪ್ಪತ್ತು ವರ್ಷಗಳು ಬೇಕು. ಒಂದು ಆಹಾರದ ಗುಣದೋಷವನ್ನು ಅಷ್ಟು ಕಾಲ ಕಾದು ನೋಡುವುದು ದುಸ್ತರ. ಮೇಲಾಗಿ ಮಗುವಿಗೆ ಕೊರತೆಯ ಆಹಾರವನ್ನು ಬೇಕೆಂದೇ ಉಣ್ಣಿಸುವುದು ಪಾಪ. ಬಿಳಿ ಇಲಿಯಾದರೋ ಹುಟ್ಟಿದಾಗ ಐದಾರು ಗ್ರಾಂ ತೂಗುವುದು. ಮೂರು ವಾರಕ್ಕೆ ಹಾಲು ಬಿಡುವುದು. ಮೂರು ತಿಂಗಳಿಗೆ ತಾನೇ ಮರಿಹಾಕುವಷ್ಟು ಬಲಿಯುವುದು. ಎರಡು ಮೂರು ವರ್ಷಗಳಲ್ಲಿ ಅದರ ಬಾಲ್ಯ, ಯೌವನ, ಮುಪ್ಪುಗಳೆಲ್ಲವೂ ಮುಗಿಯುವುವು. ಒಂದೇ ವಯಸ್ಸಿನ, ಒಂದೇ ತೂಕದ ಮರಿಗಳನ್ನು ಗುಂಪುಗಳಾಗಿ ಬೇರ್ಪಡಿಸಿ, ಗಾಳಿ, ಬೆಳಕು, ಗೂಡು ಎಲ್ಲವನ್ನೂ ಸಮಾನವಾಗಿಟ್ಟು, ಆಹಾರವೊಂದನ್ನೇ ಬದಲಾಯಿಸಿದರೆ, ಅನಂತರ ಕಾಣುವ ಭೇದವು ಆಹಾರದಿಂದಲೇ ಬಂದುದೆಂದು ಹೇಳಬಹುದು. ಇದೇ ಈ ಪ್ರಯೋಗಗಳ ಮರ್ಮ.

ಅಮೆರಿಕೆಯ ಹದಿನಾರು ಕಡಸುಗಳು

ಮೊದಲು ಕೊಟ್ಟಿಗೆಯ ಕಥೆಯನ್ನು ಹೇಳೋಣ. ಹಿಂದಿನ ಶತಮಾನದ ಆರಂಭದಲ್ಲಿ ರಸಾಯನ ಶಾಸ್ತ್ರಜ್ಞರು ಮೇವಿನ ಬೆಲೆಯನ್ನು ಕೆಲವೇ ಅಂಶಗಳಿಂದ ಅಳೆಯುತ್ತಿದ್ದರು. ಸಸಾರಜನಕ, ಅಂದರೆ ಇಂದು ಎಲ್ಲರೂ ಪ್ರೋಟೀನ್ ಎನ್ನುವುದು, ಇಷ್ಟು, ಪಿಷ್ಟ ಇಷ್ಟು, ಕೊಬ್ಬು ಇಷ್ಟು, ಲೆಕ್ಕ ಸಮವಾಗಿದ್ದರೆ ಯಾವ ಮೇವಾದರೂ ಸರಿಯೆಂಬುದು ಅವರ ನಂಬಿಕೆ. ಇದನ್ನು ಪರೀಕ್ಷಿಸಲು ಅಮೆರಿಕೆಯ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದವರು ೧೯೦೭ರಲ್ಲಿ ಹದಿನಾರು ಕಡಸುಗಳನ್ನು ಆರಿಸಿ, ನಾಲ್ಕು ನಾಲ್ಕರ ಗುಂಪು ಮಾಡಿದರು. ಒಂದು ಗುಂಪಿಗೆ ಗೋವಿನಜೋಳದ ಗಿಡದ ಮೇವು, ಒಂದಕ್ಕೆ ಗೋದಿಯದು, ಒಂದಕ್ಕೆ ಓಟ್ಸ್ ಧಾನ್ಯದ್ದು, ನಾಲ್ಕನೆಯದಕ್ಕೆ ಮೂರರ ಮಿಶ್ರಣ. ಕಾಗದದ ಮೇಲೆ ನಾಲ್ಕೂ ಸಮ.

ಕೊಟ್ಟಿಗೆಯಲ್ಲಿ ಮಾತ್ರ ಸಮವಾಗಲಿಲ್ಲ. ಗೋವಿನಜೋಳವನ್ನು ತಿಂದವು ಮೈತುಂಬಿ ಹೊಳೆದವು. ಗಟ್ಟಿಮುಟ್ಟಾದ ಕರುಗಳನ್ನು ಈದವು. ಗೋದಿಯೊಂದನ್ನೇ ತಿಂದವುಗಳ ಕೂದಲು ಒರಟಾಯಿತು, ಕೆಲವು ಕುರುಡಾದವು. ಅವುಗಳ ಕರುಗಳು ದಿನ ತುಂಬುವ ಮೊದಲೇ ಹುಟ್ಟಿ ಸತ್ತವು. ೧೯೧೧ರಲ್ಲಿ ಈ ಫಲಿತಾಂಶವು ಪ್ರಕಟವಾದಾಗ, ಲೆಕ್ಕಕ್ಕೆ ಸಿಗದ ಯಾವುದೋ ಒಂದು ವಸ್ತು ಆಹಾರದಲ್ಲಿದೆಯೆಂದು ಪಂಡಿತರು ಒಪ್ಪಬೇಕಾಯಿತು. ಆ ಪ್ರಯೋಗದಲ್ಲಿ ಭಾಗಿಯಾಗಿದ್ದ ಮೆಕಾಲಮ್ ಎಂಬವರು ಕಡಸುಗಳನ್ನು ಬಿಟ್ಟು ಇಲಿಗಳನ್ನು ಹಿಡಿದರು. ಬೆಣ್ಣೆಯ ಅಥವಾ ಮೊಟ್ಟೆಯ ಹಳದಿಯ ಕೊಬ್ಬು ಸಿಕ್ಕರೆ ಇಲಿಮರಿ ಬೆಳೆಯುವುದೆಂದೂ, ಹಂದಿಯ ಕೊಬ್ಬು ಅಥವಾ ಆಲಿವ್ ಎಣ್ಣೆ ಮಾತ್ರ ಇದ್ದರೆ ಬೆಳವಣಿಗೆ ನಿಲ್ಲುವುದೆಂದೂ ಅವರೂ ಅವರ ಸಹಾಯಕಿ ಡೇವಿಸ್ ಅವರೂ ೧೯೧೩ರಲ್ಲಿ ತೋರಿಸಿದರು. ಎ ಜೀವಸತ್ವವೆಂದು ಈಗ ನಾವು ಕರೆಯುವುದು ಅದನ್ನೇ.

ಬಿಳಿ ಅನ್ನ ತಿಂದ ಕೋಳಿಗಳು

ಇದಕ್ಕೂ ಮೊದಲೇ, ಜಾವಾ ದ್ವೀಪದಲ್ಲಿ ಬೆರಿಬೆರಿ ರೋಗದ ಕಾರಣವನ್ನು ಹುಡುಕುತ್ತಿದ್ದ ಐಕ್‌ಮನ್ ಎಂಬ ಡಚ್ ವೈದ್ಯರು ಒಂದು ವಿಚಿತ್ರವನ್ನು ಕಂಡಿದ್ದರು. ಅವರ ಪ್ರಯೋಗಶಾಲೆಯ ಕೋಳಿಗಳು ಕಾಲಿನ ಶಕ್ತಿ ಕುಂದಿ ತೂರಾಡತೊಡಗಿದವು. ಕೆಲವು ತಿಂಗಳ ಮೇಲೆ ತಾವಾಗಿಯೇ ಗುಣವಾದವು. ವಿಚಾರಿಸಲಾಗಿ, ನಡುವೆ ಕೆಲಕಾಲ ಅವುಗಳಿಗೆ ಸೈನಿಕರ ಆಸ್ಪತ್ರೆಯ ಅಡಿಗೆಮನೆಯಿಂದ ಪಾಲಿಶ್ ಮಾಡಿದ ಅಕ್ಕಿಯ ಅನ್ನ ಬರುತ್ತಿತ್ತೆಂದೂ, ಹೊಸದಾಗಿ ಬಂದ ಅಡಿಗೆಯವನು ಸೈನಿಕರ ಅಕ್ಕಿಯನ್ನು ಕೋಳಿಗಳಿಗೆ ಕೊಡಲೊಲ್ಲದೆ ನಿಲ್ಲಿಸಿದನೆಂದೂ ತಿಳಿಯಿತು. ಪಾಲಿಶ್ ಆಗದ ಅಕ್ಕಿಯನ್ನು ತಿಂದೊಡನೆ ಕೋಳಿಗಳು ಚೇತರಿಸಿದ್ದವು. ಗಿರಣಿಯವನು ತೆಗೆದು ಬಿಸಾಡುವ ತೌಡಿನಲ್ಲಿಯೇ ಮದ್ದು ಇದ್ದಿತು. ಅದು ಬಿ೧ ಜೀವಸತ್ವ. ಐಕ್‌ಮನ್ನರಿಗೆ ೧೯೨೯ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು.

ಇದು ನಮಗೆ ದೂರದ ಕಥೆಯಲ್ಲ. ಒಂದು ಕಾಲಕ್ಕೆ ಜಹೀರಾಬಾದು, ನಾರಾಯಣಖೇಡಗಳು ಬೀದರ ಜಿಲ್ಲೆಗೂ, ತಾಂಡೂರು ಗುಲಬರ್ಗಾ ಜಿಲ್ಲೆಗೂ ಸೇರಿದ್ದವು. ೧೯೫೬ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಈ ಕಡೆಗೆ ಬಂದವು. ಗಡಿ ಬದಲಾದರೂ ಹಂಚಿನ ಮೇಲಿನ ಜೋಳದ ರೊಟ್ಟಿ ಬದಲಾಗಲಿಲ್ಲ. ಆದರೆ ೧೯೮೩ರಲ್ಲಿ ಆಂಧ್ರಪ್ರದೇಶದ ಸರಕಾರವು ಕಿಲೋ ಅಕ್ಕಿಯನ್ನು ಎರಡು ರೂಪಾಯಿಗೆ ಕೊಡಲು ಆರಂಭಿಸಿದಂದಿನಿಂದ ನಮ್ಮ ಹಳ್ಳಿಗಳ ಗಂಗಾಳದಲ್ಲಿ ಬಿಳಿ ಅನ್ನವು ಹೆಚ್ಚುತ್ತ ಬಂದಿದೆ. ಹಸಿವನ್ನು ನೀಗಿಸಿದ ಆ ಅಕ್ಕಿಗೆ ನಾವು ಕೃತಜ್ಞರಾಗಿರಬೇಕು. ಆದರೆ ಅನ್ನದ ಜೊತೆಗೆ ಬರಿಯ ಖಾರದ ನೀರು ಬಡಿಸಿದರೆ, ಜಾವಾದ ಕೋಳಿಗಳ ನೆನಪು ಬರಬೇಕು.

ಕೂನೂರಿನ ಇಲಿಗಳು ತಿಂದ ಕನ್ನಡಿಗರ ಊಟ

ಇನ್ನು ನಮ್ಮ ದೇಶಕ್ಕೆ ಬರೋಣ. ೧೯೧೮ರಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ ಎಂಬ ವೈದ್ಯರು ನೀಲಗಿರಿಯ ಕೂನೂರಿನಲ್ಲಿ ಬೆರಿಬೆರಿಯ ಸಂಶೋಧನೆಗಾಗಿ ಒಂದು ಪುಟ್ಟ ಪ್ರಯೋಗಶಾಲೆಯನ್ನು ಆರಂಭಿಸಿದರು. ಮೊದಲು ಪಾರಿವಾಳಗಳ ಮೇಲೆಯೂ, ಬಳಿಕ ಇಲಿಗಳ ಮೇಲೆಯೂ ಪ್ರಯೋಗ ನಡೆಸಿದರು. ೧೯೨೦ರ ದಶಕದಲ್ಲಿ ಅವರು ಮಾಡಿದ ಒಂದು ಪ್ರಯೋಗವು ಕನ್ನಡಿಗರಾದ ನಮಗೆ ವಿಶೇಷವಾಗಿ ಸಂಬಂಧಿಸಿದುದು. ಭಾರತದ ಏಳು ಜನಸಮುದಾಯಗಳ ವಾಡಿಕೆಯ ಊಟವನ್ನು ಆಯಾ ರೀತಿಯಲ್ಲಿಯೇ ಬೇಯಿಸಿ, ಏಳು ಗುಂಪು ಇಲಿಮರಿಗಳಿಗೆ ಉಣ್ಣಿಸಿ ತೂಕ ನೋಡಿದರು. ಸಿಖ್ಖರ ಊಟ ತಿಂದ ಇಲಿಗಳು ಸರಾಸರಿ ೨೩೫ ಗ್ರಾಂ ತೂಗಿದವು. ಪಠಾಣ, ಮರಾಠಾ, ಗೂರ್ಖಾ ಊಟದವು ಕ್ರಮವಾಗಿ ಅದರ ಕೆಳಗೆ ನಿಂತವು. ಕನ್ನಡಿಗರ ಊಟ ತಿಂದವು ೧೮೫ ಗ್ರಾಂ ತೂಗಿ ಐದನೆಯ ಸ್ಥಾನ ಪಡೆದವು. ಬಂಗಾಳದ ಊಟದವು ಅದಕ್ಕೂ ಕೆಳಗೆ. ಮದರಾಸಿನ ಊಟದವು ೧೫೫ ಗ್ರಾಂ ಮಾತ್ರ.

ಎಲ್ಲ ಗುಂಪುಗಳಿಗೂ ತಿನ್ನಲು ಸಾಕಷ್ಟು ಇದ್ದಿತೆಂಬುದನ್ನು ವಾಚಕರು ಗಮನಿಸಬೇಕು. ಆದರೂ ಕನ್ನಡಿಗರ ಊಟದ ಇಲಿಯು ಸಿಖ್ಖರ ಊಟದ ಇಲಿಗಿಂತ ಐದರಲ್ಲಿ ಒಂದು ಪಾಲಿಗಿಂತಲೂ ಹೆಚ್ಚು ಹಗುರವಾಯಿತು. ಸಿಖ್ಖರ ಊಟದಲ್ಲಿ ಹೊಟ್ಟು ತೆಗೆಯದ ಗೋದಿಯ ರೊಟ್ಟಿ, ಹಾಲು, ಬೆಣ್ಣೆ, ಬೇಳೆಕಾಳು, ಹಸಿ ತರಕಾರಿಗಳಿದ್ದವು. ಪಾಲಿಶ್ ಅಕ್ಕಿ ಹೆಚ್ಚಾಗಿ, ಹಾಲು ತರಕಾರಿ ಕಡಿಮೆಯಾದಂತೆಲ್ಲ ಇಲಿ ಸಣ್ಣದಾಗುತ್ತ ಹೋಯಿತು. ನಾವು ಇದರಿಂದ ನಾಚಬೇಕಾಗಿಲ್ಲ. ಬಿಳಿ ಬ್ರೆಡ್ಡು, ಜಾಮು, ಡಬ್ಬಿಯ ಮಾಂಸ, ಸಕ್ಕರೆ ಹಾಕಿದ ಚಹಾಗಳಿಂದ ಕೂಡಿದ ಇಂಗ್ಲೆಂಡಿನ ಬಡವರ ಊಟವನ್ನೂ ಮೆಕ್‌ಕ್ಯಾರಿಸನ್ನರು ಇಲಿಗಳಿಗೆ ತಿನ್ನಿಸಿದರು. ಆ ಇಲಿಗಳು ಬೆಳೆಯಲಿಲ್ಲವಲ್ಲದೆ, ಸಿಡುಕಿ ಒಂದನ್ನೊಂದು ಕಚ್ಚಿ ಕೊಂದವು. ಊಟದ ಕೊರತೆ ಮೈಗೆ ಮಾತ್ರವಲ್ಲ, ಸ್ವಭಾವಕ್ಕೂ ತಟ್ಟುವುದೆಂಬ ಸಂಗತಿಯು ಉಪಾಧ್ಯಾಯರಾದ ನಮಗೆ ಬಹಳ ವಿಚಾರಣೀಯವಾದುದು.

ಜೋಳವೂ ನಾಯಿಯ ಕಪ್ಪು ನಾಲಗೆಯೂ

ಕೂನೂರಿನ ಆ ಪ್ರಯೋಗಶಾಲೆಯು ೧೯೫೮ರಲ್ಲಿ ಹೈದರಾಬಾದಿಗೆ ಸ್ಥಳಾಂತರಗೊಂಡಿತು. ೧೯೬೯ರಲ್ಲಿ ರಾಷ್ಟ್ರೀಯ ಪೋಷಣ ಸಂಸ್ಥೆಯೆಂಬ ಹೆಸರನ್ನು ಪಡೆಯಿತು. ಅದು ನಮ್ಮ ನಾಡಿಗೆ ಬಂದಮೇಲೆ ನಮ್ಮ ಜೋಳವೇ ಅದರ ಮುಂದೆ ಒಂದು ಒಗಟಾಗಿ ನಿಂತಿತು.

ಪೆಲ್ಲಾಗ್ರ ಎಂಬುದೊಂದು ರೋಗ. ಬಿಸಿಲು ತಗಲುವ ಕತ್ತು, ಕೈ, ಕಾಲುಗಳ ಚರ್ಮವು ಕಪ್ಪಾಗಿ ಸುಲಿಯುವುದು, ನಾಲಗೆ ಹುಣ್ಣಾಗುವುದು, ಭೇದಿ ಹಿಡಿಯುವುದು, ಕೊನೆಗೆ ಬುದ್ಧಿಯೂ ಮಂಕಾಗುವುದು. ಅಮೆರಿಕೆಯಲ್ಲಿ ಗೋವಿನಜೋಳವನ್ನೇ ನಂಬಿದ ಬಡವರಲ್ಲಿ ಇದು ಹರಡಿದ್ದಾಗ, ಅದು ಅಂಟುರೋಗವಲ್ಲ, ಊಟದ ಕೊರತೆಯೆಂದು ಗೋಲ್ಡ್‌ಬರ್ಗರ್ ಎಂಬವರು ತೋರಿಸಿದರು. ಅದೇ ಬಗೆಯ ಊಟ ತಿಂದ ನಾಯಿಗಳಿಗೆ ಕಪ್ಪು ನಾಲಗೆಯೆಂಬ ಸರಿಸಮವಾದ ರೋಗವು ಬರುತ್ತಿತ್ತು. ೧೯೩೭ರಲ್ಲಿ ಎಲ್ವೆಜೆಮ್ ಎಂಬವರು ನಿಕೊಟಿನಿಕ್ ಆಮ್ಲವೆಂಬ ಜೀವಸತ್ವದಿಂದ ನಾಯಿಗಳನ್ನು ಗುಣಪಡಿಸಿದರು; ಅದೇ ಮದ್ದಿನಿಂದ ಮನುಷ್ಯರೂ ಗುಣವಾದರು.

ಹೈದರಾಬಾದಿನ ವೈದ್ಯರು ಕಂಡ ಪೆಲ್ಲಾಗ್ರ ರೋಗಿಗಳು ಮಾತ್ರ ಗೋವಿನಜೋಳವನ್ನಲ್ಲ, ನಮ್ಮ ಬಿಳಿಜೋಳವನ್ನು ಉಣ್ಣುವವರಾಗಿದ್ದರು. ಗೋವಿನಜೋಳದಲ್ಲಿರುವ ಕೊರತೆಯು ಬಿಳಿಜೋಳದಲ್ಲಿ ಅಷ್ಟಾಗಿ ಇಲ್ಲ, ಹಾಗಾದರೆ ರೋಗವೇಕೆ? ಸಿ. ಗೋಪಾಲನ್ ಮತ್ತು ಎಸ್. ಜಿ. ಶ್ರೀಕಂಠಯ್ಯನವರು ೧೯೬೦ರಲ್ಲಿ ಒಂದು ಉತ್ತರವನ್ನು ಮುಂದಿಟ್ಟರು. ಸಸಾರಜನಕವು ಅನೇಕ ಅಮೈನೋ ಆಮ್ಲಗಳ ಸರಪಣಿ. ಜೋಳದಲ್ಲಿ ಲ್ಯೂಸಿನ್ ಎಂಬ ಆಮ್ಲವು ಅತಿಯಾಗಿದ್ದು, ಅದು ನಿಕೊಟಿನಿಕ್ ಆಮ್ಲದ ಸದುಪಯೋಗವನ್ನು ಕೆಡಿಸುವುದೆಂಬುದು ಅವರ ವಾದ. ಮುಂದೆ ಬೆಳವಾಡಿ ಮೊದಲಾದವರ ಜೊತೆಗೂಡಿ ನಾಯಿಗಳಿಗೆ ಜೋಳ ಪ್ರಧಾನವಾದ ಆಹಾರವನ್ನೂ, ಲ್ಯೂಸಿನ್ ಬೆರೆಸಿದ ಆಹಾರವನ್ನೂ ಕೊಟ್ಟಾಗ ಕಪ್ಪು ನಾಲಗೆ ಕಾಣಿಸಿತು. ಬೇರೆ ಕಡೆಯ ಎಲ್ಲ ಪ್ರಯೋಗಶಾಲೆಗಳಲ್ಲಿ ಇದೇ ಫಲವು ಬರಲಿಲ್ಲವಾದುದರಿಂದ, ಲ್ಯೂಸಿನ್ನಿನ ಪಾತ್ರದ ಬಗ್ಗೆ ಪಂಡಿತರಲ್ಲಿ ಚರ್ಚೆ ಉಳಿದಿದೆ. ಆದರೆ ಒಂದು ಮಾತಿನಲ್ಲಿ ಭಿನ್ನಾಭಿಪ್ರಾಯವಿಲ್ಲ: ಜೋಳ ಕೆಟ್ಟದ್ದಲ್ಲ, ಜೋಳವೊಂದೇ ಆದುದು ಕೆಟ್ಟದ್ದು. ಬೇಳೆ, ಹಾಲು, ಸೊಪ್ಪುಗಳ ಜೊತೆಗೆ ರೊಟ್ಟಿ ಉಣ್ಣುವವನ ಹತ್ತಿರ ಪೆಲ್ಲಾಗ್ರ ಸುಳಿಯದು. ಊಟದಲ್ಲಿ ವೈವಿಧ್ಯ ಬಂದಂತೆ ಆ ರೋಗವೂ ಇಂದು ಅಪರೂಪವಾಗಿದೆ.

ಇಲಿಗೆ ಹೇಳಿದ್ದೆಲ್ಲವೂ ನಮಗೆ ಸಲ್ಲುವುದೆ?

ಈ ಪ್ರಶ್ನೆಯನ್ನು ನಮ್ಮ ಏಳನೆಯ ತರಗತಿಯ ಬಾಲಿಕೆಯೊಬ್ಬಳು ಕೇಳಿದಳು. ಅದು ಬುದ್ಧಿವಂತ ಪ್ರಶ್ನೆ. ಎಲ್ಲವೂ ಸಲ್ಲದು. ಇಲಿಯು ಸಿ ಜೀವಸತ್ವವನ್ನು ತನ್ನ ಮೈಯಲ್ಲಿಯೇ ತಯಾರಿಸಿಕೊಳ್ಳುವುದು. ನಾವು ಆ ಶಕ್ತಿಯಿಲ್ಲದವರು, ನೆಲ್ಲಿಕಾಯಿ ನಿಂಬೆಗಳನ್ನು ತಿಂದೇ ಪಡೆಯಬೇಕು. ನಮ್ಮಂತೆಯೇ ಆ ಶಕ್ತಿಯಿಲ್ಲದ ಗಿನಿಯಿಲಿಗಳಲ್ಲಿ ೧೯೦೭ರಲ್ಲಿ ನಾರ್ವೆಯ ವಿಜ್ಞಾನಿಗಳು ಒಸಡಿನಿಂದ ರಕ್ತ ಸೋರುವ ಸ್ಕರ್ವಿ ರೋಗವನ್ನು ಕಂಡುದರಿಂದಲೇ ಆ ವಿಷಯವು ಬಯಲಾಯಿತು. ಹಸುವು ಮೆಲುಕು ಹಾಕುವ ಪ್ರಾಣಿ. ಅದರ ಹೊಟ್ಟೆಯ ಸೂಕ್ಷ್ಮಜೀವಿಗಳು ಬರಿಯ ಕಣಿಕೆಯಿಂದಲೂ ಸತ್ವವನ್ನು ತೆಗೆದುಕೊಡುವುವು. ನಮ್ಮ ಹೊಟ್ಟೆಗೆ ಅದು ಸಾಧ್ಯವಿಲ್ಲ. ಆದುದರಿಂದ ಪ್ರಾಣಿಯಲ್ಲಿ ಕಂಡುದನ್ನು ಮನುಷ್ಯರಲ್ಲಿ ಪರಿಶೀಲಿಸಿಯೇ ಒಪ್ಪಬೇಕು. ಮೇಲೆ ಹೇಳಿದ ಬೆರಿಬೆರಿ, ಪೆಲ್ಲಾಗ್ರಗಳಲ್ಲಿ ಹಾಗೆ ಪರಿಶೀಲಿಸಿಯೇ ಒಪ್ಪಿದ್ದಾರೆ.

ನಮ್ಮ ಕೊಟ್ಟಿಗೆಯಲ್ಲಿ

ದನಕರುಗಳು ನಮಗೆ ಕಲಿಸಿದ ವಿದ್ಯೆಯಿಂದ ದನಕರುಗಳಿಗೂ ಉಪಕಾರವಾಗಬೇಕಷ್ಟೆ. ಬೀದರ ಸೀಮೆಯ ಹೆಮ್ಮೆಯಾದ ದೇವಣಿ ತಳಿಯನ್ನು ಸಾಕುವ ನಮ್ಮ ರೈತರಿಗೆ ಮೂರು ಮಾತುಗಳನ್ನು ವಿನಂತಿಸುತ್ತೇವೆ.

ಮೊದಲನೆಯದು ಗಿಣ್ಣದ ಹಾಲು. ಮನುಷ್ಯನ ಮಗುವಿಗೆ ರೋಗವನ್ನೆದುರಿಸುವ ಶಕ್ತಿಯ ಒಂದು ಪಾಲು ಗರ್ಭದಲ್ಲಿಯೇ ತಾಯಿಯಿಂದ ಸಿಗುವುದು. ಕರುವಿಗೆ ಹಾಗೆ ಸಿಗುವುದಿಲ್ಲ. ಅದು ಗಿಣ್ಣದಿಂದಲೇ ಪಡೆಯಬೇಕು. ಅದನ್ನು ಹೀರಿಕೊಳ್ಳುವ ಶಕ್ತಿಯು ಕರುವಿನ ಕರುಳಿಗೆ ಮೊದಲ ಒಂದು ದಿನ ಮಾತ್ರ ಇರುವುದು. ಗಂಟೆ ಗಂಟೆಗೂ ಕುಗ್ಗುತ್ತ ಹೋಗುವುದು. ಆದುದರಿಂದ ಹುಟ್ಟಿದ ಒಂದೆರಡು ಗಂಟೆಯೊಳಗೆ ಮೊದಲ ಗಿಣ್ಣ ಕುಡಿಯಬೇಕು. ಮೊದಲ ದಿನದಲ್ಲಿ ಕರುವಿನ ತೂಕದ ಹತ್ತರಲ್ಲೊಂದು ಪಾಲಿನಷ್ಟು ಗಿಣ್ಣ ಅದರ ಹೊಟ್ಟೆಗೆ ಸೇರಬೇಕು. ಮಾಸು ಬೀಳುವ ತನಕ ಕರುವನ್ನು ಕೆಚ್ಚಲಿಗೆ ಬಿಡಬಾರದೆಂಬ ಪದ್ಧತಿಯು ಸರಿಯಲ್ಲ. ಮನೆಯವರ ಗಿಣ್ಣದ ಸಿಹಿಯು ಕರುವಿನ ಪಾಲು ಮುಗಿದ ಮೇಲಾಗಲಿ.

ಎರಡನೆಯದು ಒಣಮೇವು. ಬೇಸಿಗೆಯಲ್ಲಿ ಬಣವೆಯ ಕಣಿಕೆಯೊಂದನ್ನೇ ಹಾಕಿದರೆ ಹೊಟ್ಟೆ ತುಂಬುವುದೇ ಹೊರತು ಎ ಜೀವಸತ್ವವೂ ಸಸಾರಜನಕವೂ ಸಾಲವು. ವಿಸ್ಕಾನ್ಸಿನ್ನಿನ ಕುರುಡು ಕಡಸುಗಳನ್ನು ಇಲ್ಲಿ ನೆನೆಯಬೇಕು. ಜೊತೆಗೆ ತೊಗರಿಯ ಹೊಟ್ಟು, ಶೇಂಗಾ ಅಥವಾ ಕುಸುಬೆಯ ಹಿಂಡಿ, ಒಂದು ಹಿಡಿ ಹಸಿರು ಬೇಕು.

ಮೂರನೆಯದು ಎಚ್ಚರಿಕೆ. ಎಳೆಯ ಜೋಳದ ಪೈರಿನಲ್ಲಿಯೂ, ಮಳೆ ಕೈಕೊಟ್ಟು ಬಾಡಿದ ಪೈರಿನಲ್ಲಿಯೂ, ಕೊಯ್ದ ಮೇಲೆ ಒಡೆಯುವ ಕೂಳೆಯ ಚಿಗುರಿನಲ್ಲಿಯೂ ಹೈಡ್ರೋಸಯನಿಕ್ ಆಮ್ಲವೆಂಬ ಘೋರ ವಿಷವು ಹುಟ್ಟುವ ಸಂಭವವಿದೆ. ಹಸಿದ ದನ ಅದಕ್ಕೆ ಬಾಯಿ ಹಾಕಿದರೆ ಮೇಲುಸಿರು ಬಿಟ್ಟು ತೂರಾಡಿ ಕೆಲವೇ ನಿಮಿಷಗಳಲ್ಲಿ ಪ್ರಾಣ ಬಿಡಬಹುದು. ಹೂ ಬಿಟ್ಟು ಬಲಿತ ಮೇಲೆ, ಅಥವಾ ಚೆನ್ನಾಗಿ ಒಣಗಿದ ಮೇಲೆ, ಅಪಾಯವು ಬಹಳ ಕಡಿಮೆ. ಲಕ್ಷಣ ಕಂಡೊಡನೆ ದೃಷ್ಟಿ ತೆಗೆಯುವುದರಲ್ಲಿ ಹೊತ್ತು ಕಳೆಯದೆ ಪಶುವೈದ್ಯರನ್ನು ಕರೆಸಬೇಕು. ಇದಕ್ಕೆ ಸೂಜಿಮದ್ದು ಉಂಟು.

ನಮ್ಮ ಗಂಗಾಳದಲ್ಲಿ

ಕೊನೆಗೆ ಮಕ್ಕಳ ಮಾತು. ನೂರು ಗ್ರಾಂ ಜೋಳದಲ್ಲಿ ಸುಮಾರು ೧೦ ಗ್ರಾಂ ಸಸಾರಜನಕವಿದೆ. ತೊಗರಿಬೇಳೆಯಲ್ಲಿ ಸುಮಾರು ೨೨ ಗ್ರಾಂ. ಪ್ರಮಾಣಕ್ಕಿಂತ ಮುಖ್ಯವಾದುದು ಅವುಗಳ ಹೊಂದಾಣಿಕೆ. ಬೆಳವಣಿಗೆಗೆ ಬೇಕಾದ ಲೈಸಿನ್ ಎಂಬ ಅಮೈನೋ ಆಮ್ಲವು ಜೋಳದಲ್ಲಿ ಬಹಳ ಕಡಿಮೆ, ತೊಗರಿಯಲ್ಲಿ ಹೇರಳ. ತೊಗರಿಯಲ್ಲಿ ಕಡಿಮೆಯಿರುವ ಮಿಥಿಯೊನಿನ್ ಜೋಳದಿಂದ ದೊರೆಯುವುದು. ರೊಟ್ಟಿ ಬೇಳೆಗಳನ್ನು ಕೂಡಿಸಿ ಉಂಡ ನಮ್ಮ ಹಿರಿಯರು ಈ ಹೆಸರುಗಳನ್ನು ಕೇಳಿದವರಲ್ಲ. ಆದರೂ ಅವರ ಗಂಗಾಳವು ಶಾಸ್ತ್ರಕ್ಕೆ ಸರಿಹೊಂದುವುದು. ತಾಂಡೂರಿನ ತೊಗರಿಗೆ ೨೦೨೨ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ದೊರೆತು ಹೆಸರಾಗಿದೆ. ಬೆಳೆದವರ ಮಕ್ಕಳ ಸಾರಿನಲ್ಲಿ ಅದೇ ಬೇಳೆಯ ಕಾಳನ್ನು ಹುಡುಕಬೇಕಾದರೆ ಆ ಹೆಸರಿನಿಂದ ನಮಗೇನು ಬಂತು?

ಮಧ್ಯಾಹ್ನದ ಊಟದ ನಿಯಮದಂತೆ ಪ್ರಾಥಮಿಕ ಶಾಲೆಯ ಮಗುವಿಗೆ ದಿನಕ್ಕೆ ೧೦೦ ಗ್ರಾಂ ಧಾನ್ಯ, ೨೦ ಗ್ರಾಂ ಬೇಳೆ, ೫೦ ಗ್ರಾಂ ತರಕಾರಿ. ಇದರಿಂದ ೧೨ ಗ್ರಾಂ ಸಸಾರಜನಕ ದೊರೆಯಬೇಕೆಂಬುದು ಗುರಿ. ಅಕ್ಕಿಯಿಂದ ಸುಮಾರು ೭ ಗ್ರಾಂ ಬಂದರೆ, ಉಳಿದುದರ ಬಹುಪಾಲು ಆ ಇಪ್ಪತ್ತು ಗ್ರಾಂ ಬೇಳೆಯಿಂದಲೇ ಬರಬೇಕು. ಸಾರು ನೀರಾದ ದಿನ ಮಗುವಿನ ಹೊಟ್ಟೆ ತುಂಬುವುದು, ಮೈ ಬೆಳೆಯದು. ಅದು ಒಂದು ಹೊತ್ತಿನ ಊಟ ಮಾತ್ರ; ಉಳಿದ ಹೊತ್ತುಗಳು ತಾಯಂದಿರ ಕೈಯಲ್ಲಿವೆ.

ಪಾಲಕರಲ್ಲಿ ನಮ್ಮ ಬೇಡಿಕೆ ದೊಡ್ಡದಲ್ಲ. ಹಾಲು ಮಾರಬೇಡಿರೆಂದು ನಾವು ಹೇಳೆವು. ಅದರಿಂದಲೇ ಎಷ್ಟೋ ಮನೆಗಳ ಸಂಸಾರ ಸಾಗುವುದನ್ನು ಬಲ್ಲೆವು. ಕ್ಯಾನಿಗೆ ಸುರಿಯುವ ಮುನ್ನ ಕರುವಿಗೊಂದು ಮೊಲೆ, ಮಗುವಿಗೊಂದು ಲೋಟ ತೆಗೆದಿಡಿರಿ. ಬೆಳಗ್ಗೆ ಬರಿಹೊಟ್ಟೆಯಲ್ಲಿ ಕಳುಹಿಸದೆ, ರಾತ್ರಿಯ ರೊಟ್ಟಿಯೊಡನೆ ಶೇಂಗಾ ಚಟ್ನಿಯನ್ನಾದರೂ ಕೊಡಿರಿ. ಪುಂಡಿಪಲ್ಯ, ಮೆಂತ್ಯ, ನುಗ್ಗೆಸೊಪ್ಪುಗಳನ್ನು ಬಡವರ ಪಲ್ಯವೆಂದು ಕಡೆಗಣಿಸದಿರಿ. ಹೆಣ್ಣುಮಗುವಿಗೂ ಗಂಡುಮಗುವಿಗೂ ಒಂದೇ ಅಳತೆಯಲ್ಲಿ ಬಡಿಸಿರಿ. ಸಂಸ್ಥೆಯ ಮಹನೀಯರಲ್ಲಿಯೂ ಒಂದು ಪ್ರಾರ್ಥನೆ: ಶಾಲೆಯ ಹಿತ್ತಿಲಲ್ಲಿ ನುಗ್ಗೆ, ನಿಂಬೆ, ಸೊಪ್ಪಿನ ಮಡಿಗಳಿಗಾಗಿ ಒಂದಿಷ್ಟು ಜಾಗವನ್ನೂ, ನೀರಿನ ಅನುಕೂಲವನ್ನೂ ದಯಪಾಲಿಸಬೇಕು; ನೀರುಣಿಸುವ ಕೆಲಸವನ್ನು ಮಕ್ಕಳೂ ನಾವೂ ಮಾಡುವೆವು.

ಕೂನೂರಿನ ಇಲಿಗೆ ತನ್ನ ಊಟವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವಿರಲಿಲ್ಲ. ಬೋನಿನಲ್ಲಿ ಇಟ್ಟುದನ್ನು ತಿಂದಿತು. ನಮ್ಮ ಮಕ್ಕಳಿಗೂ ಆ ಸ್ವಾತಂತ್ರ್ಯವಿಲ್ಲ. ನಾವು ಬಡಿಸಿದುದನ್ನು ಉಣ್ಣುವರು. ಆದುದರಿಂದ ಬಡಿಸುವ ಕೈಯ ಹೊಣೆ ದೊಡ್ಡದು.